ಮೊದಲ ಚಮಚ

ಹಬೆಯಾಡುವ ಸೂಪಿನ ಬೋಗುಣಿಯ ಮೇಲೆ ಕರಗಿದ ಚೀಸು ಗುಳ್ಳೆಯೊಡೆಯುತ್ತಿದೆ, ಅಡಿಯಿಂದ ಬೆಂದ ನೀರುಳ್ಳಿಯ ಘಮ, ಪಾಪ, ಜಾನ್‌ಗೆ ಇದು ಮೂಗಿನವರೆಗೆ ಮಾತ್ರ ಎಂದುಕೊಂಡಳು ಮಗ್ದಲಿನ್ — ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಗೆ ರೇಡಿಯೇಶನ್ ಕರೆಂಟು ಕೊಟ್ಟ ಮೇಲೆ ಗಂಡನ ನಾಲಿಗೆ ಮರದ ತುಂಡು, ಬಂಗುಡೆ ಸಾರೂ ಒಂದೇ ಬಿಸಿನೀರೂ ಒಂದೇ, ಯಾರಿಗೂ ಹೇಳಬೇಡ ಮಗ್ದಾ, ಅಲ್ರಾಯ್‌ಗಂತೂ ಹೇಳಲೇಬೇಡ, ಗೊತ್ತಾದರೆ ಮತ್ತೆ ನನಗೆ ಈ ಕೂಟದಲ್ಲಿ ಎಂತ ಕೆಲಸ ಉಂಟು ಅಂದಿದ್ದ — ವರ್ಕಾಡಿಯ ಮದುವೆಮನೆಗಳಲ್ಲಿ ಜಾನ್ ಬಂದು ಉಪ್ಪು ನೋಡದೆ ಪಾತ್ರೆ ಇಳಿಸುತ್ತಿರಲಿಲ್ಲ, ಅದೇ ರೂಢಿ ಈ ಊಟದ ಕೂಟಕ್ಕೂ ಬಂತು, ಜಾನ್ ಮತ್ತು ಅವಳು, ಜಾನ್‌ನ ಹಳೆಯ ಗೆಳೆಯ ಅಲ್ರಾಯ್ ಮತ್ತು ಅವನ ಹೆಂಡತಿ ಡೈಸಿ, ಫ್ರೆಂಚ್ ಅಡುಗೆ ಎಲ್ಲಿ ಸಿಗುತ್ತದೆಂದರೆ ಅಲ್ಲಿಗೆ, ಕೊಚ್ಚಿ, ಪಾಂಡಿಚೇರಿ, ಇವತ್ತು ಬೇಕಲದ ಈ ಕಡಲತಡಿ, ಎಲ್ಲೇ ಹೋದರೂ ಮೊದಲ ಚಮಚ ಜಾನ್‌ನದು, ಅವನು ತೀರ್ಪು ಕೊಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಕೊಟ್ಟ ಕೂಡಲೇ ಅಲ್ರಾಯ್ ಅಡ್ಡ ಹೇಳದೆ ಬಿಡುವವನೂ ಅಲ್ಲ, ನಿನ್ನದು ಎಮ್ಮೆ ನಾಲಿಗೆ ಮಾರಾಯ, ಪಾಂಡಿಚೇರಿಯಲ್ಲಿ ಒಂದು ಬಾತುಕೋಳಿ ಅಡುಗೆಯ ರುಚಿಗಾಗಿ ಜಗಳವಾಡಿ ಇಬ್ಬರೂ ರೈಲಿನಲ್ಲಿ ಊರು ಮುಟ್ಟುವವರೆಗೆ ಮಾತು ಬಿಟ್ಟಿದ್ದರು, ಆಗ ಎಂಥ ಸಿಟ್ಟು ಬಂದಿತ್ತು ಅವಳಿಗೆ, ಈಗ ಆ ಜಗಳವಾದರೂ ಬರಲಿ ದೇವರೇ —

ಜಾನ್ ಚಮಚ ಎತ್ತಿದ, ಬಾಯಲ್ಲಿ ಹೊರಳಿಸಿದ, ಕಣ್ಣು ಮುಚ್ಚಿದ, ಹಳೆಯ ಜಾನನೇ, ಉಪ್ಪು ಒಂದು ಚೂರು ಕಮ್ಮಿ ಅಂದ, ಹೀಗೆಂದರೆ ಎಲ್ಲಿಯೂ ತಪ್ಪಾಗದು ಎಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿರಬೇಕು, ಅವಳೂ ಬಾಯಿಗಿಟ್ಟಳು — ಅಯ್ಯೋ, ಕಡಲನೀರು, ಒಳಗೆ ಅಡುಗೆಮನೆಯಲ್ಲಿ ಯಾರೋ ಎರಡು ಸಲ ಉಪ್ಪು ಸುರಿದಿದ್ದಾರೆ, ಡೈಸಿ ಕೆಮ್ಮುತ್ತ ಕರವಸ್ತ್ರ ಹಿಡಿದಳು, ಅಲ್ರಾಯ್ ಈಗ ನಗುತ್ತಾನೆ, ಮೇಜು ಬಡಿದು ನಗುತ್ತಾನೆ, ಮುಗಿಯಿತು — ಅವನು ನಗಲಿಲ್ಲ, ಜಾನ್‌ನ ಕತ್ತಿನ ಕಪ್ಪುಗಟ್ಟಿದ ಚರ್ಮ ನೋಡಿದ, ಅವಳನ್ನು ನೋಡಿದ, ಉಪ್ಪಿನ ಕುಪ್ಪಿ ಎಳೆದು ತನ್ನ ಬೋಗುಣಿಗೆ ಉದುರಿಸಿಕೊಂಡ, ಹೌದು ಮಾರಾಯ, ನೀನು ಹೇಳಿದ್ದು ಸರಿ, ಕಮ್ಮಿಯೇ ಉಂಟು, ಡೈಸಿ ನಿನಗೂ ಬೇಕಾ, ಹ್ಞಾಂ ಸ್ವಲ್ಪ ಹಾಕಿ ಅಂದಳು ಡೈಸಿ, ಎಷ್ಟು ಒಳ್ಳೆಯ ಜನ, ಬಚಾವಾಯಿತು, ಮುಚ್ಚಿಹೋಯಿತು ಎಂದು ಗಂಡನತ್ತ ತಿರುಗಿದಳು — ಜಾನ್ ಅಲ್ರಾಯ್‌ನನ್ನೇ ನೋಡುತ್ತಿದ್ದಾನೆ, ಇಷ್ಟು ವರ್ಷಗಳಲ್ಲಿ ಒಂದು ದಿನವೂ ನೀನು ಹೇಳಿದ್ದು ಸರಿ ಎನ್ನದ ಅಲ್ರಾಯ್‌ನನ್ನು, ಅವನ ಕೈಯ ಚಮಚ ಬೋಗುಣಿಗೂ ಬಾಯಿಗೂ ನಡುವೆ ನಿಂತಿದೆ, ಅಂಚಿನಿಂದ ಸೂಪು ಹನಿಹನಿಯಾಗಿ ಮೇಜಿನ ಬಟ್ಟೆಗೆ, ಚಮಚ ಏರುತ್ತಿಲ್ಲ, ಇಳಿಯುತ್ತಿಲ್ಲ, ಚಮಚ —