ಗಿಡದ ಮೇಲೊಂದು ಸೀತಾಫಲ

೧
ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ಓದುಗರು ತಕ್ಷಣ ಮೆತ್ತಗಾಗುತ್ತಾರೆ. ಹಳೇ ಉಪಾಯ, ಆದರೂ ಮೊದಲ ಡ್ರಾಫ್ಟಿನಲ್ಲಿ ಬಾದಾಮಿಯ ಮಕ್ತುಮಬಿಯನ್ನು ನಡುಮನೆಯಲ್ಲಿ ಮಲಗಿಸಿ, ಸುತ್ತ ಮೊಮ್ಮಕ್ಕಳನ್ನು ನಿಲ್ಲಿಸಿ ಅಳಿಸಿದ್ದೆ. ಇಳಕಲ್ಲಿನಲ್ಲಿ ಗಣಿತ ಟೀಚರ್ ಆಗಿರುವ, ಅಜ್ಜಿಯನ್ನು 'ದಾದಿ' ಎನ್ನುವ ಮೊಮ್ಮಗಳು ನರ್ಗೀಸ ಅದನ್ನು ಓದಿ ಹಾಳೆ ಮಡಚಿಟ್ಟಳು.

"ನಮ್ಮ ದಾದೀನ ಒಳಗ ಯಾಕ ಮಲಗಿಸೀರಿ? ಆಕಿ ಒಂದು ತಾಸು ಸೈತ ಒಳಗ ಕುಂತಾಕಿ ಅಲ್ರಿ."

ಹರಿದು ಹಾಕಿದೆ. (ಚೆನ್ನಾಗಿತ್ತು. ಇರಲಿ.)

೨
ಸರಿ, ಹೊರಗಿನಿಂದಲೇ. ಮಕ್ತುಮಬಿ ರೊಟ್ಟಿ ಬಡಿದ ಕೈ ಆರುವ ಮೊದಲೇ ಗುಡ್ಡ ಹತ್ತುತ್ತಿದ್ದಳು. ಮನೆಯಲ್ಲಿ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ಬುತ್ತಿ ಬಿಚ್ಚುವುದು ಬಂಡೆಯ ಮೇಲೆಯೇ. ಗಂಡ ಮುನಿದ, ಸೊಸೆಯರು ಗೊಣಗಿದರು, ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತೋರಿಸಿ ಹೆದರಿಸಿದರು. ಯಾರ ಮಾತೂ ನಡೆಯಲಿಲ್ಲ.

ಚಿಕ್ಕಂದಿನಲ್ಲಿ ನರ್ಗೀಸಳೊಬ್ಬಳನ್ನೇ ಕರೆದೊಯ್ದು, ಬಂಡೆಗಳ ಸಂದಿಯಲ್ಲಿದ್ದ ಸೀತಾಫಲದ ಗಿಡವೊಂದನ್ನು ತೋರಿಸಿದ್ದಳು. ಯಾರಿಗೂ ಹೇಳಬಾರದು, ಮತ್ತು ಹಣ್ಣು ಎಷ್ಟೇ ಇದ್ದರೂ ಒಂದನ್ನು ಗಿಡದಲ್ಲೇ ಬಿಟ್ಟು ಬರಬೇಕು. ನರ್ಗೀಸ ಎರಡನ್ನೂ ಪಾಲಿಸಿದಳು. ಬಿಟ್ಟ ಹಣ್ಣು ಮುಂದಿನ ಸಲ ಇರುತ್ತಿರಲಿಲ್ಲ. ಮಂಗ ತಿಂದಿರಬೇಕು ಎಂದುಕೊಳ್ಳುತ್ತಿದ್ದಳು. ಬಾದಾಮಿಯಲ್ಲಿ ಏನು ಕಳೆದರೂ ತಪ್ಪು ಮಂಗನದೇ.

೩
(ಇಲ್ಲೊಂದು ಸೂರ್ಯೋದಯದ ವರ್ಣನೆ ಇತ್ತು. ತೆಗೆದಿದ್ದೇನೆ, ಥ್ಯಾಂಕ್ಸ್ ಬೇಡ.)

ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ಸತ್ತವರಿಗೆ ಇಷ್ಟವಾದದ್ದನ್ನು ಇಡುತ್ತಾರೆ. ಆ ಬೆಳಿಗ್ಗೆ ನರ್ಗೀಸ ಯಾರಿಗೂ ಹೇಳದೆ ಚೀಲ ಹಿಡಿದು ಗುಡ್ಡ ಹತ್ತಿದಳು. ಗುಡ್ಡದ ಬುಡದಲ್ಲಿ ಚಿಕ್ಕಪ್ಪನ ಮಗ ಅರ್ಷದನ ಬೈಕು ನಿಂತಿತ್ತು. ಅವಳು ನೋಡಲಿಲ್ಲ, ನಾನು ನೋಡಿದೆ.

ಗಿಡದ ತುಂಬ ಆಗಷ್ಟೇ ಮುರಿದ ಹಸಿ ತೊಟ್ಟುಗಳು. ಹಣ್ಣು ಉಳಿದದ್ದು ಒಂದೇ.

ಮಂಗ ಲೆಕ್ಕ ಹಾಕಿ ಒಂದನ್ನು ಬಿಡುವುದಿಲ್ಲ. ದಾದಿ ಇನ್ನೊಬ್ಬರಿಗೂ ಈ ಗಿಡ ತೋರಿಸಿದ್ದಳು. ದಾದಿ ಸತ್ತ ದಿನವೂ ಆಗದ ಸಂಕಟ ನರ್ಗೀಸಳಿಗೆ ಈಗ ಆಯಿತು.

೪
ಮುಕ್ತಾಯ ಒಂದು: ಅವಳು ಆ ಹಣ್ಣನ್ನು ಕಿತ್ತಳು. (ದಾದಿಯ ಮಾತು ಮೀರುವುದಿಲ್ಲ ಎಂದಳು. ಹೊಡೆದು ಹಾಕಿದೆ.)

ಮುಕ್ತಾಯ ಎರಡು: ಬಂಡೆಯ ಆಚೆಯಿಂದ ಅರ್ಷದ ತುಂಬಿದ ಚೀಲ ಹಿಡಿದು ಬರುತ್ತಾನೆ. ದಾದಿ ಅವನಿಗೂ 'ನಿನಗೊಬ್ಬಾಂವಗ ತೋರಿಸೇನಿ' ಎಂದೇ ಹೇಳಿದ್ದಳು. ಇಬ್ಬರೂ ನಗುತ್ತಾರೆ, ಅಳುತ್ತಾರೆ. ಫಾತೆಹಾಗೆ ಹಣ್ಣಾಯಿತು, ಓದುಗರಿಗೆ ಸಮಾಧಾನವಾಯಿತು. ಇದು ನನಗೆ ತುಂಬಾ ಹಿಡಿಸಿತ್ತು. ಅವಳಿಗೂ ಓದಿ ಹೇಳಿದೆ.

ನರ್ಗೀಸ ಗಿಡದ ಬುಡದಲ್ಲಿ ಕೂತುಬಿಟ್ಟಿದ್ದಳು.

"ಆಂವ ಬರ್ತಾನ ಅಂತ ಗೊತ್ತೈತ್ರಿ ನನಗ," ಎಂದಳು. "ಆದ್ರ ಈಗ ಕರ್ಕೊಂಡ ಬರಬ್ಯಾಡ್ರಿ. ಇನ್ನೊಂದೀಟು ಹೊತ್ತು ದಾದಿಗೆ ನಾ ಒಬ್ಬಾಕಿನ ಇರ್ತೇನಿ."

ಮೂರನೇ ಮುಕ್ತಾಯವೂ ನನ್ನ ಬಳಿ ಇತ್ತು. ಬರೆಯುವುದಿಲ್ಲ. ಹಣ್ಣು ಗಿಡದಲ್ಲಿದೆ. ಅರ್ಷದ ಬಂಡೆಯ ಆಚೆ ಒಂದು ಕಾಲೆತ್ತಿ ಹಾಗೇ ನಿಂತಿದ್ದಾನೆ, ನಾನೇ ನಿಲ್ಲಿಸಿದ್ದೇನೆ. ನೀವೂ ಸ್ವಲ್ಪ ಸದ್ದು ಮಾಡದೆ ಕೂತಿರಿ.