ತಾಯವ್ವ ಹೊಸ ಸಂಡಾಸಕ್ಕೆ ಕೀಲಿ ಹಾಕಿದ್ದು

ಸುರೇಬಾನದ ತಾಯವ್ವನ ಮನೆಯಲ್ಲಿ ಸಂಡಾಸ ಕಟ್ಟಿಸಿ ಇನ್ನೂ ತಿಂಗಳಾಗಿರಲಿಲ್ಲ. ಬಿಳಿ ಪ್ಯಾನು, ನೀಲಿ ಬಾಗಿಲು, ಪಕ್ಕದಲ್ಲೇ ನೀರಿನ ಡ್ರಮ್ಮು. ಓಣಿಯವರೆಲ್ಲ ಬಂದು ನೋಡಿ ಹೋಗಿದ್ದರು. ಅಂಥ ಮನೆಯ ಸೊಸೆ ನಾಗರತ್ನಾ ಒಂದು ನಸುಕಿನಲ್ಲಿ ಚರಿಗೆ ಹಿಡಿದು ಮತ್ತೆ ಹೊಲದ ಕಡೆ ಹೊರಟಿದ್ದಳು.

ಎದುರು ಮನೆಯ ಫಿರದೋಸ್ ಅಂಗಳ ಗುಡಿಸುತ್ತಿದ್ದಳು. ಅವಳು ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸು.

"ಯಾಕ ನಾಗರತ್ನಾ, ಮನ್ಯಾಗ ಸಂಡಾಸ ಇಟ್ಕೊಂಡು ಚರಗಿ ಹಿಡದು ಎತ್ತ ಹೊಂಟಿ?"

"ಅತ್ತಿ ಕೀಲಿ ಹಾಕ್ಯಾಳ್ರಿ ಅಕ್ಕಾ. ಕೀಲಿಕೈ ಸೆರಗಿಗೆ ಕಟ್ಕೊಂಡಾಳ."

ನಾಗರತ್ನಾ ಅತ್ತಿತ್ತ ನೋಡಿ ದನಿ ಇಳಿಸಿದಳು. ಅವಳ ಗಂಡ ಭರಮಪ್ಪ ರಾಮದುರ್ಗಕ್ಕೆ ಬಾಡಿಗೆ ಟ್ರಾಕ್ಸ್ ಗಾಡಿ ಓಡಿಸುವವನು. ವಯಸ್ಸು ಮೂವತ್ತೇಳು. ಅವನು ಸಂಡಾಸಕ್ಕೆ ಹೋಗಿ ಬಂದ ಮೇಲೆ ಬಿಳಿ ಪ್ಯಾನಿನಲ್ಲಿ ಕೆಂಪು ಕಂಡಿತ್ತು. ಕೇಳಿದರೆ, ಎಲೆ-ಅಡಿಕೆ ಉಗುಳಿದ್ದೇನೆ ಅಂದಿದ್ದ.

"ಗಾಡಿ ರಿಪೇರಿಗೆ ನಿಂತಾಗ ಎಲಿ ಸಂಚಿ ಜ್ವಾಳದ ಚೀಲದಾಗ ಮುಚ್ಚಿಟ್ಟೆ ಅಕ್ಕಾ. ಬೈಕಿನ ಕೀಲಿಕೈನೂ ಅದರಾಗ ಇಟ್ಟೆ. ನಡಕೊಂಡು ಅಂಗಡಿಗೆ ಹೋಗೂ ಮನಶ್ಯಾ ಅಲ್ಲ ನಮ್ಮಾಂವ. ಎರಡು ದಿನ ಬಾಯಿಗೆ ಎಲಿ ಬೀಳಲಿಲ್ಲ. ಕೆಂಪು ಮಾತ್ರ ಹಂಗ ಇತ್ತು."

ಫಿರದೋಸಳಿಗೆ ನಗು ಬಂತು, ಮರುಕ್ಷಣ ಹೋಯಿತು.

"ಅತ್ತಿ ಏನಂತಾಳ?"

"ಹೊಲಕ್ಕ ಹೋಗತಿದ್ದಾಗ ನನ್ನ ಮಗಗ ಏನೂ ಇರಲಿಲ್ಲ, ಈ ಬಿಳೇ ಭೂತ ಬಂದ ಮ್ಯಾಲ ರಕ್ತ ಹೀರಾಕ ಹತ್ತೈತಿ ಅಂತಾಳ."

ಸಂಜೆ ಫಿರದೋಸ್ ಅವರ ಮನೆಗೆ ಹೋದಳು. ಭರಮಪ್ಪ ಹೊರಸಿನ ಮೇಲೆ ಕುಳಿತು ಮಿರ್ಚಿ ಭಜಿ ತಿನ್ನುತ್ತಿದ್ದ. ತಾಯವ್ವ ಬಾಗಿಲಲ್ಲೇ ಶುರು ಮಾಡಿದಳು.

"ಬಾರವಾ ನರ್ಸಮ್ಮಾ. ಕಟ್ಟಸ್ರಿ ಕಟ್ಟಸ್ರಿ ಅಂತ ನೀನ ಬೆನ್ನ ಹತ್ತಿದ್ದಿ. ಈಗ ನೋಡ."

"ದೊಡ್ಡವ್ವಾ, ಹೊಲದಾಗ ಕತ್ತಲ್ಯಾಗ ಕುಂತು ಎದ್ದು ಬರಾಂವ ಎಂದಾರ ತಿರುಗಿ ನೋಡ್ಯಾನೇನ್ರಿ? ಈ ರಕ್ತ ಎಂದಿನಿಂದ ಹೊಂಟೈತೋ ಯಾರಿಗೆ ಗೊತ್ತು. ಸಂಡಾಸ ರೋಗ ತಂದಿಲ್ಲ, ತೋರಿಸಿಕೊಟ್ಟೈತಿ."

"ಅಕ್ಕಾ, ಅದು ಮೂಲವ್ಯಾಧಿ," ಅಂದ ಭರಮಪ್ಪ. "ಕಾದ ಸೀಟಿನ ಮ್ಯಾಲ ಕುಂಡ್ರೂ ಡ್ರೈವರಗೋಳಿಗೆಲ್ಲಾ ಇರತೈತಿ. ಮಜ್ಜಗಿ ಕುಡದ್ರ ತಣ್ಣಗಾಕ್ಕೈತಿ."

"ಇರಬಹುದು ತಮ್ಮಾ. ಆದ್ರ ಯಾರು ನೋಡಿ ಹೇಳಿದ್ರು?"

ಅವನು ಇನ್ನೊಂದು ಮಿರ್ಚಿ ಕೈಗೆತ್ತಿಕೊಂಡ.

"ಹೊಟ್ಟಿ ಹೆಂಗೈತಿ?"

"ಒಂದಿನ ಕಟ್ಟತೈತಿ, ಒಂದಿನ ಸಡ್ಲ. ಸುಸ್ತು ಬಾಳ."

ಈ ಮಾತು ನಾಗರತ್ನಾಳ ಕಿವಿಗೆ ಬಿದ್ದದ್ದು ಇದೇ ಮೊದಲು. ಅವಳು ಗಂಡನ ಮುಂದಿನ ಮಿರ್ಚಿ ತಟ್ಟೆ ಎತ್ತಿಟ್ಟಳು.

"ದೊಡ್ಡ ಕರಳಿನಾಗ ಗಡ್ಡಿ ಬೆಳದ್ರೂ ಹಿಂಗ ಆಗಬಹುದು," ಅಂದಳು ಫಿರದೋಸ್. "ಬಿಟ್ರ ಅದು ಕ್ಯಾನ್ಸರ್ ಆಗೂ ಸಾಧ್ಯತಾ ಐತಿ."

"ಬಿಡ್ತು ಅನ್ನ," ಅಂದಳು ತಾಯವ್ವ. "ಅದು ಮುದುಕರ ರೋಗ. ನನ್ನ ಮಗ ನೋಡ, ಹೆಂಗ ತುಂಬ್ಯಾನ."

"ಆ ತುಂಬಿದ್ದರದ ನನಗ ಚಿಂತಿ ದೊಡ್ಡವ್ವಾ. ಮುಂಜಾನಿಂದ ಸಂಜೀತನ ಸೀಟಿನ ಮ್ಯಾಲ. ನಿಂತಲ್ಲೆಲ್ಲಾ ಚಾ, ಅದ್ರಾಗ ಸಕ್ರಿ ಮುಂದು. ನೀವು ಬಡದ ಜ್ವಾಳದ ರೊಟ್ಟಿ, ಪುಂಡಿಪಲ್ಯ ಡಬ್ಬ್ಯಾಗ ಹಂಗ ವಾಪಸ್ ಬರತಾವ. ಸೊಂಟದ ಸುತ್ತ ಬೊಜ್ಜು ಬೆಳದ್ರ ಸಕ್ಕರಿ ಬ್ಯಾನಿ, ಬಿಪಿ ಬರತಾವ. ಕರಳಿನ ಕ್ಯಾನ್ಸರಿನ ಅಪಾಯಾನೂ ಹೆಚ್ಚತೈತಿ. ಎಲ್ಲಾರಿಗೂ ಬರತೈತಿ ಅಂತಲ್ಲ. ಆದ್ರ ಸಣ್ಣ ವಯಸ್ಸು ಅಂತ ಅದೇನೂ ಬಿಡೂದಿಲ್ಲ. ಒಮ್ಮೆ ತೋರಿಸಿ ಬರ್ರಿ."

ಆಗ ಭರಮಪ್ಪನ ಬಾಯಿಂದ ನಿಜವಾದ ಮಾತು ಹೊರಬಂತು.

"ಅಲ್ಲೆಲ್ಲಾ ಡಾಕ್ಟರಗ ತೋರಿಸೂದಂದ್ರ ನನಗ ನಾಚಿಕಿ ಬರತೈತಿ ಅಕ್ಕಾ."

ತಾಯವ್ವ ಮಗನ ಮುಖ ನೋಡಿದಳು. ಅವನ ಕಣ್ಣ ಕೆಳಗೆ ಬಿಳಿಚಿಕೊಂಡಿದ್ದು ಅವಳಿಗೆ ಆಗ ಕಂಡಿತು.

"ನಿನ್ನ ಹಡಿಯೂವಾಗ ನನ್ನ ನಾಚಿಕಿ ಯಾರು ಕೇಳಿದ್ರು?" ಅಂದಳು. "ನಾಳಿ ಗಾಡಿ ಬಂದ್. ನಡಿ ದವಾಖಾನಿಗೆ."

ರಾಮದುರ್ಗದಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು. ಸಕ್ಕರೆ ಏರಿತ್ತು, ಮೈಯಲ್ಲಿ ರಕ್ತ ಇಳಿದಿತ್ತು. ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ತೆಳ್ಳಗಿನ ದುರ್ಬೀನು ಹಾಕಿ ಕರುಳಿನ ಒಳಗೆ ನೋಡಿದರು. ಭರಮಪ್ಪ ಹೇಳಿದ್ದ ಮೂಲವ್ಯಾಧಿ ಇದ್ದೇ ಇತ್ತು. ಆದರೆ ಅದಕ್ಕಿಂತ ಮೇಲೆ, ದೊಡ್ಡ ಕರುಳಿನಲ್ಲಿ ಅಡಿಕೆ ಗಾತ್ರದ ಒಂದು ಗಡ್ಡೆಯೂ ಕುಳಿತಿತ್ತು. ಅದನ್ನು ದುರ್ಬೀನಿನಿಂದಲೇ ತೆಗೆದು ತಪಾಸಣೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಆ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

"ಇನ್ನೂ ಕ್ಯಾನ್ಸರ್ ಆಗಿಲ್ಲ," ಅಂದರು ಡಾಕ್ಟರು. "ಅದರ ದಾರಿ ಹಿಡಿದಿತ್ತು. ಚಲೋ ಹೊತ್ತಿಗೆ ಬಂದ್ರಿ. ಮುಂದೂ ಕರೆದಾಗ ಬಂದು ತೋರಿಸಿ ಹೋಗಬೇಕು."

ಈಗ ಭರಮಪ್ಪ ಟ್ರಾಕ್ಸ್ ಸ್ಟ್ಯಾಂಡಿನವರೆಗೆ ನಡೆದೇ ಹೋಗುತ್ತಾನೆ. ರೊಟ್ಟಿ ಡಬ್ಬಿ ಖಾಲಿಯಾಗಿ ಬರುತ್ತದೆ. ಎಲೆ ಸಂಚಿ ಜೋಳದ ಚೀಲದಲ್ಲೇ ಉಳಿದಿದೆ.

"ಯಾಕಪಾ, ಬೈಕ್ ಮಾರಿದೇನ?" ಎಂದು ಗೆಳೆಯರು ಕಾಡಿಸಿದರೆ, "ಮಾರಿಲ್ಲೋ, ಕಾಲು ರಿಪೇರಿಯಾಗಿ ಬಂದಾವು," ಅನ್ನುತ್ತಾನೆ.

ಸಂಡಾಸದ ಕೀಲಿ ತಾಯವ್ವ ತಾನೇ ತೆಗೆದಳು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈಗ ಅವಳದೇ ಭಾಷಣ: "ಹೋಗಿ ಬಂದ ಮ್ಯಾಲ ಮೊದಲ ತಿರುಗಿ ನೋಡ್ರಿ, ಆಮ್ಯಾಲ ನೀರು ಹಾಕ್ರಿ. ಗಂಡಸರಿಗೂ ಹೇಳ್ರಿ."

ಈ ಕಥೆ ಓದಿದ, ಕೇಳಿದ ನೀವೂ ಅಷ್ಟು ಮಾಡಿ. ಮಲದಲ್ಲಿ ರಕ್ತ ಕಂಡರೆ, ಸಂಡಾಸಕ್ಕೆ ಹೋಗುವ ರೂಢಿ ಬದಲಾಗಿ ವಾರಗಳೇ ಕಳೆದರೆ, ಸುಮ್ಮಸುಮ್ಮನೆ ಸುಸ್ತಾಗಿ ತೂಕ ಇಳಿದರೆ, ಉಷ್ಣ ಎಂದು ಕೂರಬೇಡಿ. ವಯಸ್ಸು ಮೂವತ್ತೇ ಇರಲಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ. ಸೊಂಟ ಬೆಳೆದಿದ್ದರೆ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ, ದಿನಾ ಒಂದಿಷ್ಟು ನಡೆಯಿರಿ. ಅಲ್ಲೆಲ್ಲಾ ತೋರಿಸಲು ನಾಚಿಕೆಯಾದರೆ, ತಾಯವ್ವ ಮಗನನ್ನು ಕೇಳಿದ ಮಾತು ನೆನೆಸಿಕೊಂಡು ಎದ್ದು ಹೊರಡಿ.