ಅರಿಶಿನ ಬಣ್ಣದ ಜಾಕೆಟ್ಟು

ಕೈ ಒಳಗೆ ಹೋಯಿತು, ಹೊರಗೆ ಬರಲಿಲ್ಲ, ತೋಳಿನ ಅರ್ಧ ದಾರಿಯಲ್ಲಿ ಎಲ್ಲೋ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟಿದೆ, ಅರಿಶಿನ ಬಣ್ಣದ ಬಟ್ಟೆಯ ಮೇಲೆ ಸಣ್ಣದೊಂದು ಉಬ್ಬು ಮಾತ್ರ, ಒಳಗೆ ಇಲಿಮರಿ ಅಡಗಿದ ಹಾಗೆ, ಬಾರೇ, ಹೊರಗೆ ಬಾರೇ ಪುಟ್ಟಿ, ಎಲ್ಲರೂ ಬರುವ ಹೊತ್ತಾಯಿತು — ಅವಳಿಗೇನು, ಮಲಗಿದಲ್ಲಿಂದಲೇ ಕಿಟಕಿಯ ಪರದೆಯನ್ನು ನೋಡುತ್ತಿದ್ದಾಳೆ, ಹುಬ್ಬು ಗಂಟಿಕ್ಕಿಕೊಂಡು, ಪರದೆಯ ಮೇಲ್ತುದಿಯಲ್ಲಿ ನೀಲಿ ಚುಕ್ಕೆಯೊಂದಿದೆ, ನೊಣವಿರಬೇಕು, ಇವಳು ಹೀಗೇ, ಏನನ್ನಾದರೂ ಹಿಡಿದರೆ ಕಣ್ಣು ಮಿಟುಕಿಸದೆ ತನಿಖೆ, ಅದಕ್ಕೇ ಹುಟ್ಟಿದ ವಾರದಲ್ಲೇ ಇವಳಪ್ಪ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ದು, ಇವರಂಥ ಲಿಫ್ಟ್ ರಿಪೇರಿ ಮಾಡುವವರು ಲೋಕದಲ್ಲಿ ಹೆದರುವುದು ಒಬ್ಬರಿಗೇ ಅಂತೆ, ಸಹಿ ಹಾಕುವ ಮುಂಚೆ ಹಗ್ಗ ಗಾಲಿ ಬಾಗಿಲು ಎಲ್ಲವನ್ನೂ ಹೀಗೇ ದಿಟ್ಟಿಸುವ ಇನ್‌ಸ್ಪೆಕ್ಟರಿಗೆ. ಇವತ್ತಿನ ಸಂಭ್ರಮವೂ ಇವರದೇ ತಲೆಯಿಂದ ಹುಟ್ಟಿದ್ದು, ಇನ್‌ಸ್ಪೆಕ್ಟರ್ ಮೊನ್ನೆ ಯಾರ ಆಸರೆಯೂ ಇಲ್ಲದೆ ಕೂತರಲ್ಲ, ಅದಕ್ಕೊಂದು ಪಾರ್ಟಿ ಬೇಡವಾ, ನಾನು ನಕ್ಕೆ, ಕೂತದ್ದಕ್ಕೆಲ್ಲ ಪಾರ್ಟಿ ಮಾಡಿದರೆ ನಡೆದಾಗ ಏನು ಮಾಡ್ತೀರಿ, ಆಗ ಸಾಲ ಮಾಡೋಣ ಬಿಡು ಅಂದರು — ಉಬ್ಬು ಇನ್ನೂ ಅಲ್ಲೇ ಇದೆ. ಗೊಂಬೆಯಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನರಿಗೆ ಜಾಕೆಟ್ ತೊಡಿಸಿ ಮುಗಿಸಿರುತ್ತಿದ್ದೆ. ಗೊಂಬೆಯದು ಸುಲಭ, ತೋಳನ್ನು ಭುಜದ ಹತ್ತಿರ ತಿರುಗಿಸಿದರೆ ಟಕ್ ಅಂತ ಕಳಚುತ್ತದೆ, ಮೊದಲು ಜಾಕೆಟ್, ಆಮೇಲೆ ಕೈ, ಮತ್ತೆ ಟಕ್, ಬಟ್ಟೆಯಂಗಡಿಯ ಗಾಜಿನ ಹಿಂದೆ ಎಂಟು ವರ್ಷ ಅದೇ ಕೆಲಸ ಮಾಡಿದ ಕೈಗೆ, ಆಸ್ಪತ್ರೆಯಿಂದ ಬಂದ ದಿನ ಇವಳ ಪುಟ್ಟ ಅಂಗಿ ಹಿಡಿದು ನಿಂತಾಗ, ನಿಜವಾಗಿಯೂ ಒಂದು ಗಳಿಗೆ ಭುಜದಲ್ಲಿ ಆ ಕೀಲು ಎಲ್ಲಿದೆ ಅಂತ ಹುಡುಕಿದ ನೆನಪು, ಯಾರಿಗೂ ಹೇಳಿಲ್ಲ, ಹೇಳಿದ್ದರೆ ಅತ್ತೆ ಮಗುವನ್ನು ನನ್ನ ಕೈಗೇ ಕೊಡುತ್ತಿರಲಿಲ್ಲವೇನೋ.

ಅತ್ತೆಯೇ ಆವತ್ತು ಹೇಳಿಕೊಟ್ಟದ್ದು, ಕೈಯನ್ನು ಒಳಗೆ ತಳ್ಳಬಾರದಮ್ಮ, ನೀನು ಆ ಕಡೆಯಿಂದ ಹೋಗಬೇಕು, ಅಂದು ತಮ್ಮ ಎರಡು ಬೆರಳನ್ನು ಅಂಗಿಯ ತೋಳಿನ ತುದಿಯಿಂದ ಒಳಗೆ ಬಿಟ್ಟು, ಕತ್ತಲಲ್ಲಿ ಯಾರನ್ನೋ ಎದುರುಗೊಳ್ಳುವ ಹಾಗೆ ಆ ಮುಷ್ಟಿಯನ್ನು ಹಿಡಿದು, ಮೆಲ್ಲಗೆ ಕರೆದುಕೊಂಡು ಬಂದರು, ಮೊದಲು ಕಾಣಿಸಿದ್ದು ಹೆಬ್ಬೆರಳು, ಆಮೇಲೆ ಒಂದೊಂದಾಗಿ ಉಳಿದವು, ಸುಕ್ಕುಸುಕ್ಕಾಗಿ, ನಿದ್ದೆಯಿಂದೆದ್ದವರ ಹಾಗೆ. ಈಗ ನಾನೂ ಹಾಗೇ ಹೋಗುತ್ತೇನೆ, ಆ ಕಡೆಯಿಂದ, ಎರಡು ಬೆರಳು, ಸಿಕ್ಕಿತು, ಬೆಚ್ಚಗೆ, ಬಾ ಬಾ — ಬಂತು. ಬೆರಳು ಐದೂ ಹೊರಗೆ. ಪ್ರತಿಸಲವೂ ಹೊಸದಾಗಿ ಹುಟ್ಟಿದ ಹಾಗೆ. ಇನ್ನು ಮರದ ಗುಂಡಿ, ಎಷ್ಟು ಚಂದದ ಗುಂಡಿಗಳು, ಈ ಜಾಕೆಟ್ಟಿಗಾಗಿ ನಾನು ಮೊಬೈಲಿನಲ್ಲಿ ಹುಡುಕಿದಷ್ಟು ಗಂಡನನ್ನೂ ಹುಡುಕಿರಲಿಲ್ಲ ಎಂದು ನಾದಿನಿ ಅಣಕಿಸುತ್ತಾಳೆ, ಅವಳೇನು ಕಡಿಮೆಯೇ, ನೆಲವನ್ನೇ ಮುಟ್ಟದ ಪಾದಕ್ಕೆ ಚರ್ಮದ ಬೂಟು ತಂದವಳು, ತಲೆಗಿಂತ ದೊಡ್ಡ ಬೋ ಇರುವ ಹಣೆಪಟ್ಟಿ ತಂದವಳು, ಅತ್ತಿಗೆ, ಈಗ ಎಲ್ಲ ಕಡೆ ಇದೇ ನಡೀತಿರೋದು. ಆದರೆ ಈ ಜಾಕೆಟ್ಟಿನ ಮಾತೇ ಬೇರೆ, ಗೀರುಗೀರಿನ ಮೆತ್ತನೆಯ ಬಟ್ಟೆ, ಒಳಗೆ ಚುಕ್ಕಿಚುಕ್ಕಿಯ ಅಸ್ತರು, ಎದೆಯ ಮೇಲೆ ನನ್ನ ಹೆಬ್ಬೆರಳು ಮಾತ್ರ ಹೋಗುವಷ್ಟು ಜೇಬು, ಮಗುವಿಗೆ ಜೇಬು ಯಾಕೆ ಅಂದರು ಅತ್ತೆ, ಮತ್ತೆ ಇನ್‌ಸ್ಪೆಕ್ಟರು ಪೆನ್ನು ಎಲ್ಲಿಡಬೇಕು ಅಂದರು ಇವರು. ಅಳತೆ ಮಾತ್ರ ತಪ್ಪಿತು, ಬೆನ್ನಿನಲ್ಲಿ ದೊಗಲೆ. ಅದಕ್ಕೇನು, ಇದು ನನ್ನದೇ ಕೆಲಸವಲ್ಲವೇ, ಅಂಗಡಿಯ ಗಾಜಿನ ಹಿಂದೆ ನಿಂತ ಯಾವ ಗೊಂಬೆಗೆ ಯಾವ ಬಟ್ಟೆ ಸರಿಯಾಗಿ ಕೂತಿದೆ, ಎಲ್ಲವನ್ನೂ ಬೆನ್ನಿನಲ್ಲಿ ಮಡಿಸಿ ಗುಂಡುಸೂಜಿ ಚುಚ್ಚಿರುತ್ತೇವೆ, ಬೀದಿಯವರಿಗೆ ಕಾಣುವುದು ಎದೆ ಮಾತ್ರ. ನಿನ್ನೆ ಸಂಜೆ ಜಾಕೆಟ್ಟನ್ನು ದಿಂಬಿಗೆ ತೊಡಿಸಿ, ಬೆನ್ನಿನಲ್ಲಿ ಎರಡು ಮಡಿಕೆ ಹಿಡಿದು ಸೂಜಿ ಚುಚ್ಚಿ, ಆಮೇಲೆ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ, ಸೂಜಿಗಳನ್ನೆಲ್ಲ ತೆಗೆದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗು ಇರೋ ಮನೇಲಿ ಸೂಜಿನಾ. ನನ್ನ ಸೂಜಿ ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲ ಅತ್ತೆ, ಅಂದೆ, ಸ್ವಲ್ಪ ಗತ್ತಿನಿಂದಲೇ. ಅವರು ಏನೂ ಅನ್ನದೆ ಹೋದರು. ಅವರು ಏನೂ ಅನ್ನದಿರುವುದೇ ನನಗೆ ಕಷ್ಟ, ಸೋಮವಾರದಿಂದ ಅಂಗಡಿಗೆ ಹೋಗಬೇಕು, ಮಗುವನ್ನು ನೋಡಿಕೊಳ್ಳುತ್ತೀರಾ ಅಂತ ಕೇಳಿ ವಾರವಾಯಿತು, ನೋಡೋಣ ಅಂದರು, ಅಷ್ಟೇ, ಅವರು ಒಪ್ಪದಿದ್ದರೆ ನನ್ನ ಗಾಜಿನ ಕೋಣೆಗೆ ಬೇರೆ ಯಾರೋ ಬರುತ್ತಾರೆ, ಆಗಲೇ ಬಂದಿದ್ದಾರೆ, ಕಳೆದ ತಿಂಗಳು ಗಾಡಿ ತಳ್ಳಿಕೊಂಡು ಅಂಗಡಿಯ ಮುಂದೆ ಹಾದುಹೋದಾಗ ನೋಡಿದೆನಲ್ಲ, ಗೊಂಬೆಯ ಕೋಟು ಒಂದು ಕಡೆ ಜೋತುಬಿದ್ದಿದೆ, ಬೆನ್ನಿನ ಸೂಜಿ ಪಕ್ಕದಿಂದ ಕಾಣುತ್ತಿದೆ, ಅಲ್ಲೇ ನಿಂತುಬಿಟ್ಟೆ, ಇವಳು ಗಾಡಿಯಲ್ಲಿ ಬೂಟು ಕಚ್ಚುತ್ತಿದ್ದಳು, ನನಗೆ ಒಳಗೆ ಹೋಗಿ ಆ ಕೋಟನ್ನು ಒಂದೇ ಒಂದು ಸಲ ಸರಿಮಾಡಿ ಬರಬೇಕು ಅನ್ನಿಸಿ, ಅದೇ ಹೊತ್ತಿಗೆ ಎದೆಯಲ್ಲಿ ಹಾಲಿಳಿದು, ಎರಡೂ ಒಟ್ಟಿಗೆ, ಯಾವುದಕ್ಕೆ ಕಣ್ಣಲ್ಲಿ ನೀರು ಬಂತೋ.

ಬಂದರು, ಎಲ್ಲರೂ ಬಂದರು, ಬಾಗಿಲ ಬಳಿ ಚಪ್ಪಲಿಗಳ ಗುಡ್ಡೆ, ಹಜಾರದಲ್ಲಿ ಬಲೂನು, ನಾದಿನಿ ತಂದ ಕೇಕಿನ ಮೇಲೆ ಕ್ರೀಮಿನಲ್ಲಿ ಮಾಡಿದ ಕುರ್ಚಿ, ಕೂತದ್ದರ ನೆನಪಿಗೆ, ಇನ್‌ಸ್ಪೆಕ್ಟರು ನಡುವೆ ಚಾಪೆಯ ಮೇಲೆ ಅರಿಶಿನ ಜಾಕೆಟ್ಟಿನಲ್ಲಿ ಕೂತು ಒಬ್ಬೊಬ್ಬರನ್ನೇ ತನಿಖೆ ಮಾಡುತ್ತಿದ್ದಾರೆ, ಎಷ್ಟು ಚಂದ ಕೂತಿದೆ ಜಾಕೆಟ್ಟು, ಎದೆ ನೆಟ್ಟಗೆ, ಭುಜದ ಹೊಲಿಗೆ ಭುಜದ ಮೇಲೇ, ಯಾರೋ ಎಲ್ಲಿ ಸಿಕ್ಕಿತು ಅಂದರು, ಇನ್ಯಾರೋ ನಮಗೂ ಲಿಂಕ್ ಕಳಿಸಿ ಅಂದರು, ನನ್ನ ಮುಖ ಊದಿಕೊಂಡು ಬಲೂನಿನ ಸಾಲಿಗೆ ಸೇರಿತು. ಅಂಗಡಿಯ ಯಜಮಾನಿಯೂ ಬಂದಿದ್ದಾರೆ, ಉಡುಗೊರೆಯ ಪೊಟ್ಟಣದ ಹಗ್ಗ ಬಿಚ್ಚಲಾಗುತ್ತಿಲ್ಲ, ಕತ್ತರಿ ತರ್ತೀನಿ ಮೇಡಂ ಅಂದು ಒಳಕೋಣೆಗೆ ಬಂದೆ, ಕತ್ತರಿ ನನ್ನ ಸೂಜಿದಿಂಬಿನ ಪಕ್ಕದಲ್ಲೇ ಇತ್ತು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ದಿಂಬು, ಕೆಂಪು ತಲೆಯ ಸೂಜಿಗಳು ಒಂದು ಕಡೆ, ನೀಲಿ ತಲೆಯವು ಒಂದು ಕಡೆ, ಅರಿಶಿನ ಬಟ್ಟೆಯ ಮೇಲೆ ಎದ್ದು ಕಾಣಲಿ ಅಂತ ನಿನ್ನೆ ನೀಲಿಯನ್ನೇ ಬಳಸಿದ್ದು, ಸಾಲಾಗಿ ಚುಚ್ಚಿಡುವುದು ನನ್ನ ಪದ್ಧತಿ, ಸಾಲಿನ ಕೊನೆಯಲ್ಲಿ — ಒಂದು ಇಲ್ಲ. ಮತ್ತೆ ನೋಡಿದೆ. ಬರಿಯ ತೂತು. ನೀಲಿ ತಲೆಯದು ಒಂದು ಇಲ್ಲ. ನಿನ್ನೆ ಕೊನೆಯ ಸೂಜಿ ತೆಗೆಯುವಾಗಲೇ ಇವಳು ಅತ್ತಳು, ಓಡಿದೆ, ವಾಪಸ್ಸು ಬಂದು ತೆಗೆದೆನೇ, ತೆಗೆದಿರಬೇಕು, ತೆಗೆದೆನೇ, ಮೇಜಿನ ಮೇಲೆ ಇಲ್ಲ, ನೆಲದ ಮೇಲೆ ಇಲ್ಲ, ಮಡಿಕೆಯ ಒಳಗೆ, ಅಸ್ತರಿನ ಒಳಗೆ, ಬೆನ್ನುಹುರಿಯ ಹತ್ತಿರ, ಅಯ್ಯೋ ನನ್ನ ಕಂದ. ಹಜಾರಕ್ಕೆ ಓಡಿದೆ, ಚಾಪೆ ಖಾಲಿ. ಇವರು ಎತ್ತಿಕೊಂಡಿದ್ದಾರೆ, ಎರಡನೇ ಮಹಡಿ, ಮೂರನೇ ಮಹಡಿ, ಬಾಗಿಲಿನಿಂದ ದೂರ ನಿಲ್ಲಿ, ಅಂತ ತಲೆಯ ಮೇಲಕ್ಕೆ ಏರಿಸುತ್ತಿದ್ದಾರೆ, ಎರಡು ದೊಡ್ಡ ಅಂಗೈ ಸರಿಯಾಗಿ ಆ ಬೆನ್ನಿನ ಮೇಲೆ, ರೀ, ಇಲ್ಲಿ ಕೊಡಿ ಅಂದೆ, ಲಿಫ್ಟು ಕೆಟ್ಟಿದೆ ಮೆಟ್ಟಿಲು ಹತ್ತಿ ಬಾ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕದ್ದು ಯಾಕೆ, ಸೂಜಿ ಇದೆ ಅಂತ ಕೂಗಬಾರದೇ, ಒಂದೇ ಮಾತು, ಆದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತಟ್ಟೆ ಒರೆಸುತ್ತ ನಿಂತಿದ್ದಾರೆ, ಸೋಮವಾರ ಅವರ ಕೈಯಲ್ಲಿದೆ, ಒಂದೂ ಕಳೆದಿಲ್ಲ ಅತ್ತೆ. ಅಷ್ಟರಲ್ಲಿ ನಾದಿನಿ ಕಸಿದುಕೊಂಡು ಕೆನ್ನೆಗೆ ಕೆನ್ನೆ ಒತ್ತಿ ಫೋಟೋ, ಅತ್ತಿಗೆ ನೀವೂ ಬನ್ನಿ, ಹೋದೆ, ಕೈ ಚಾಚಿದೆ, ಮಗು ಆಗಲೇ ಯಜಮಾನಿಯ ಮಡಿಲಲ್ಲಿ. ಯಜಮಾನಿ ಮಗುವನ್ನು ನೋಡುವವರಲ್ಲ, ಬಟ್ಟೆಯನ್ನು ನೋಡುವವರು, ಬೋರಲು ಹಾಕಿ ಬೆನ್ನು ತಿರುಗಿಸಿದರು, ಹೆಬ್ಬೆರಳಿನಿಂದ ಮಡಿಕೆಯ ಉದ್ದಕ್ಕೂ ಒತ್ತುತ್ತ ಬಂದರು, ನನ್ನ ಉಸಿರು ಆ ಹೆಬ್ಬೆರಳಿನ ಜೊತೆಗೇ ಜಾರುತ್ತಿದೆ, ಎಷ್ಟು ಹಿಡಿದಿದ್ದೀಯ ನೋಡು, ಮುಂದಿನಿಂದ ಗೊತ್ತೇ ಆಗಲ್ಲ, ಈಗಿರೋ ಹುಡುಗಿಗೆ ಇದನ್ನ ಹೇಳಿ ಹೇಳಿ ನನ್ನ ಗಂಟಲು ಹೋಯ್ತು, ಸೋಮವಾರ ಬರ್ತೀಯಾ ಇಲ್ವಾ, ಅಂದರು, ಅದೇ ಗಳಿಗೆಗೆ ಇನ್‌ಸ್ಪೆಕ್ಟರ ಮುಖ ಕೆಂಪಾಯಿತು, ತುಟಿ ಬಿಗಿಯಿತು, ಕಣ್ಣು ಸಣ್ಣದಾಯಿತು, ಚುಚ್ಚಿತು, ಚುಚ್ಚಿಬಿಟ್ಟಿತು — ಇಡೀ ಹಜಾರಕ್ಕೆ ಕೇಳುವ ಹಾಗೆ ಒಂದು ಹೂಸು ಬಿಟ್ಟು ಹಗುರಾಗಿ ನಕ್ಕರು. ಸಹಿ ಬಿತ್ತು ಅಂದರು ಇವರು. ಆ ನಗುವಿನ ಗದ್ದಲದಲ್ಲಿ, ಬಟ್ಟೆ ಒದ್ದೆಯಾಗಿರಬೇಕು ಮೇಡಂ, ಅಂದು ಎತ್ತಿಕೊಂಡು ಓಡಿದೆ.

ಒಳಕೋಣೆ, ಬಾಗಿಲು ದೂಡಿದೆ, ಮಂಚ, ಗುಂಡಿ ಒಂದು, ಎರಡು, ಜಾಕೆಟ್ ಬಂತು, ಒಳ ಅಂಗಿ ಬಂತು, ಬೆನ್ನು ನೋಡಿದೆ, ನುಣ್ಣಗೆ, ಒಂದು ಗೀರೂ ಇಲ್ಲ, ಹೊಲಿಗೆಯ ಗುರುತು ಮಾತ್ರ ತಿಳಿಯಾಗಿ ಒತ್ತಿಕೊಂಡಿದೆ, ಅದಕ್ಕೇ ಮುತ್ತಿಟ್ಟೆ, ಜಾಕೆಟ್ಟನ್ನು ಮುಷ್ಟಿಯಲ್ಲಿ ಹಿಂಡಿದೆ, ಅಂಗಡಿಯಲ್ಲಿ ಹಾಗೇ ಹುಡುಕುವುದು, ಹಿಂಡಿದರೆ ಸೂಜಿ ತಾನೇ ಮಾತಾಡುತ್ತದೆ, ಮಾತಾಡಲಿಲ್ಲ, ತೋಳು ಹಿಂಡಿದೆ, ಜೇಬು ಹಿಂಡಿದೆ, ಮಡಿಕೆಯ ಕಚ್ಚಾ ಹೊಲಿಗೆಯನ್ನೇ ಹಲ್ಲಿನಿಂದ ಕಿತ್ತೆ, ಇಲ್ಲ, ಎಲ್ಲೂ ಇಲ್ಲ, ಹಾಗಾದರೆ ಹಜಾರದ ಚಾಪೆಯಲ್ಲೋ, ಯಾರ ಬೆರಳಿನಲ್ಲೋ, ಇವಳು ಬರಿಮೈಯಲ್ಲಿ ಮಂಚದ ಮೇಲೆ ಕೂತು, ಹೌದು, ಆಸರೆ ಇಲ್ಲದೆ ಕೂತು, ನನ್ನನ್ನು ನೋಡುತ್ತಿಲ್ಲ, ಪರದೆಯನ್ನು ನೋಡುತ್ತಿದ್ದಾಳೆ, ಅದೇ ನೀಲಿ ಚುಕ್ಕೆ, ಇಷ್ಟು ಹೊತ್ತು ಕದಲದ ನೊಣ ಯಾವುದು — ಬೆಳಗ್ಗೆಯೇ ತೆಗೆದಿಟ್ಟೆ, ಅಂದರು ಅತ್ತೆ. ಬಾಗಿಲಲ್ಲಿ ಯಾವಾಗ ಬಂದು ನಿಂತರೋ. ಇಸ್ತ್ರಿ ಹಾಕೋಕೆ ಮುಂಚೆ ಕೈಯಾಡಿಸಿದೆ, ಸಿಕ್ಕಿತು, ಇವಳ ಕೈಗೆ ಎಟುಕದ ಕಡೆ ಚುಚ್ಚಿಟ್ಟೆ. ನನಗೂ ಅಭ್ಯಾಸ ಕಣೇ, ನಿನ್ನ ಗಂಡನ ಪ್ಯಾಂಟಿನ ಜೇಬಲ್ಲಿ ಎಷ್ಟು ಸ್ಕ್ರೂ ಹೆಕ್ಕಿದ್ದೀನಿ, ಒಂದು ಲಿಫ್ಟೇ ಕಟ್ಟಬಹುದಿತ್ತು, ಈ ಮನೇಲಿ ಯಾರ ಬಟ್ಟೆಯೂ ನನ್ನ ಕೈಯಾಡದೆ ಮೈಮೇಲೆ ಹೋಗಲ್ಲ. ಯಾಕೆ ಹೇಳಲಿಲ್ಲ ಅತ್ತೆ, ಅಂದೆ, ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಗಿತ್ತು. ಹೇಳಿದ್ರೆ ನೀನು ಜಾಕೆಟ್ಟೇ ಹಾಕ್ತಿರಲಿಲ್ಲ, ವಾರದಿಂದ ಮನೆತುಂಬ ಅದೇ ಮಾತು, ಹಾಕಿದ ಮೇಲೆ ನಿನ್ನ ಮುಖ ನೋಡಬೇಕಿತ್ತು ನನಗೆ. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ, ಮೂಗು ಒರೆಸಲು ಕೈಗೆ ಸಿಕ್ಕಿದ್ದು ಜಾಕೆಟ್ಟೇ, ಅಯ್ಯೋ ಅದರಲ್ಲಿ ಬೇಡ, ಅಂತ ಅತ್ತೆ ತಮ್ಮ ಕೈಯಲ್ಲಿದ್ದ ತಟ್ಟೆಬಟ್ಟೆ ಕೊಟ್ಟರು, ಮಂಚದ ಮೇಲೆ ನನ್ನ ಪಕ್ಕ ಕೂತರು, ಮೂವರೂ ಸಾಲಾಗಿ ಕೂತೆವು, ಆಸರೆ ಇಲ್ಲದೆ ಕೂತವಳು ಮಧ್ಯದಲ್ಲಿ. ಎಷ್ಟು ಹೊತ್ತಿಗೆ ತೆಗೀತಾರೆ ಅಂಗಡಿ, ಅಂದರು. ಹತ್ತಕ್ಕೆ. ಹಾಗಾದರೆ ಇವಳ ಸ್ನಾನ ಮುಗಿಸಿಕೊಟ್ಟೇ ಹೋಗು, ನನಗೆ ಬಗ್ಗೋಕೆ ಸೊಂಟ ಬರಲ್ಲ, ಬಟ್ಟೆ ನಾನು ಹಾಕ್ತೀನಿ, ನೀನು ನಿನ್ನ ಗೊಂಬೆಗಳಿಗೆ ಹಾಕು. ನಾನು ಏನೋ ಹೇಳಲು ಹೋದೆ, ಹೊರಗಿನಿಂದ ಇವರ ದನಿ, ಕೇಕು ಕಾಯ್ತಿದೆ, ಇನ್‌ಸ್ಪೆಕ್ಟರು ಎಲ್ಲಿ, ಬಂದೆವು ಅನ್ನು, ಅಂತ ಅತ್ತೆ ಜಾಕೆಟ್ಟನ್ನು ಎತ್ತಿ ಕೊಡವಿದರು, ಮಡಿಕೆ ಬಿಚ್ಚಿದ ಬೆನ್ನು ಈಗ ಡೇರೆಯಷ್ಟು ಅಗಲ, ಇರಲಿ ಬಿಡು, ಬೆಳೆಯೋ ಮಗು, ಅಂದು ಒಂದು ತೋಳಿನೊಳಗೆ ಕೈ ಬಿಟ್ಟರು, ಇನ್ನೊಂದನ್ನು ನನಗೆ ಬಿಟ್ಟುಕೊಟ್ಟರು, ಅವರು ಆ ಕಡೆಯಿಂದ, ನಾನು ಈ ಕಡೆಯಿಂದ, ಎರಡೆರಡು ಬೆರಳು ಒಳಗೆ, ಕತ್ತಲಲ್ಲಿ ಬೆಚ್ಚನೆಯ ಮುಷ್ಟಿ ತಾನೇ ಬಂದು ತಾಗಿತು, ಹಿಡಿದುಕೊಂಡಿತು, ನಾನು ಎಳೆಯಬೇಕಾಗಿಲ್ಲ, ಅದೇ ಬರುತ್ತಿದೆ, ಅರಿಶಿನ ಬಣ್ಣದ ಅಂಚಿನಿಂದ ಮೊದಲು ನನ್ನ ಬೆರಳು, ಅದನ್ನು ಸುತ್ತಿಕೊಂಡು ಹೆಬ್ಬೆರಳು, ಆಮೇಲೆ ಒಂದು, ಮತ್ತೊಂದು, ಮತ್ತೊಂದು, ಸುಕ್ಕುಸುಕ್ಕಾಗಿ, ಕೆಂಪಗೆ,